ಎಣಿಕೆಗೆ ಸಿಗದ ಮಗ್ಗಗಳು

ಬಾದಾಮಿ ಮತ್ತು ಪಟ್ಟದಕಲ್ಲುಗಳ ನಡುವೆ, ಗುಡ್ಡಗಳ ಮಡಿಲಲ್ಲಿರುವ ಮಹಾಕೂಟದ ಗುಡಿಗಳನ್ನೂ ಪುಷ್ಕರಣಿಯನ್ನೂ ನೋಡಿದವರು ಬಹಳ ಮಂದಿ. ಆದರೆ ಆ ಸ್ಥಳದ ಕಥೆ ಹೇಳುವ ದೊಡ್ಡ ಕಂಬ ಈಗ ಅಲ್ಲಿಲ್ಲ. ಅದು ವಿಜಯಪುರದಲ್ಲಿ, ಗೋಳಗುಮ್ಮಟದ ಎದುರಿನ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 600ರ ಆಸುಪಾಸಿನಲ್ಲಿ ಚಾಲುಕ್ಯ ಅರಸು ಮಂಗಳೇಶ ನಿಲ್ಲಿಸಿದ ಆ ಕಂಬದ ಮೇಲೆ ಅವನ ವಂಶದ ಹಿರಿಮೆಯಿದೆ, ಮಕುಟೇಶ್ವರನಾಥನಿಗೆ ಹತ್ತು ಹಳ್ಳಿಗಳನ್ನು ಬಿಟ್ಟುಕೊಟ್ಟ ಸಂಗತಿಯಿದೆ. ಕಲ್ಲು ಕಡಿದು, ಹೊತ್ತು, ನಿಲ್ಲಿಸಿದವರಿಗೆ ಏನು ಸಂದಿತು ಎಂಬುದು ಮಾತ್ರ ಇಲ್ಲ.

ದುಡಿದವರ ಸುಳಿವು ಈ ಸೀಮೆಯ ಶಾಸನಗಳಲ್ಲಿ ಸಿಗುವುದೇ ಇಲ್ಲವೆಂದಲ್ಲ. ಇದೇ ಮಂಗಳೇಶ, ಇನ್ನೂ ಅರಸನಾಗುವ ಮೊದಲು, 578ರಲ್ಲಿ ಬಾದಾಮಿಯ ಮೂರನೆಯ ಗುಹೆಯನ್ನು ಮಾಡಿಸಿದ. ಅಲ್ಲಿರುವ ಪುಟ್ಟ ಕನ್ನಡ ಶಾಸನ, ಲಂಜಿಗೇಸರವೆಂಬ ಹಳ್ಳಿಯನ್ನು ಆ ಕಲ್ಮನೆಗೆ ಬಿಟ್ಟುಕೊಟ್ಟದ್ದನ್ನು ಹೇಳುವಾಗ ಹೂಮಾಲೆ ಕಟ್ಟುವವರನ್ನೂ ನೆನೆಯುತ್ತದೆ. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಸೂತ್ರಧಾರಿ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಗುಡಿಯ ಇನ್ನೊಂದು ಶಾಸನ. ಹಿಂದಿನ ಅರಸ ವಿಜಯಾದಿತ್ಯನು ಹಾಡುಗಾರರಿಗೆ ಕೊಟ್ಟಿದ್ದ ಮಾನ್ಯವನ್ನು ರಾಣಿ ಲೋಕಮಹಾದೇವಿ ಊರ್ಜಿತಗೊಳಿಸಿದಳೆಂದು ಅದು ಹೇಳುತ್ತದೆ. ಕೊಟ್ಟವನು ಹೋದ ಮೇಲೆ ಅವನು ಕೊಟ್ಟ ಮಾತು ಉಳಿಯುತ್ತದೆಯೇ? ಪಿಂಚಣಿ ಎಂಬ ಏರ್ಪಾಟಿನ ತಿರುಳೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಹೂವಾಡಿಗ, ಹಾಡುಗಾರ, ತಳವಾರ, ಕುಲಕರ್ಣಿ ಇವರಿಗೆಲ್ಲ ಭೂಮಿಯೇ ಸಂಬಳ, ಭೂಮಿಯೇ ಮುಪ್ಪಿನ ಆಸರೆ. ಈ ವತನ, ಇನಾಮುಗಳ ವ್ಯವಸ್ಥೆ ನಮ್ಮ ಅಜ್ಜಂದಿರ ಕಾಲದವರೆಗೂ ನಡೆಯಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಅದಕ್ಕೆ ಕೊನೆ ಹಾಡಿತು. ಕೆಲಸವನ್ನು ಜಾತಿಗೆ ಕಟ್ಟಿಹಾಕಿದ್ದ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು, ಅದಕ್ಕಾಗಿ ಯಾರೂ ಮರುಗಬೇಕಿಲ್ಲ. ಆದರೆ ನೇಕಾರ ಆ ವ್ಯವಸ್ಥೆಯ ನೆರಳಿನಲ್ಲೂ ಇರಲಿಲ್ಲ. ಅವನದು ನೇಯ್ದಷ್ಟಕ್ಕೆ ಕೂಲಿ.

ಈ ಕೂಲಿಗೆ ನಮ್ಮ ಕಡೆ ಹಲವು ಹೆಸರು. ಪಗಾರ ಪೋರ್ತುಗೀಸರಿಂದ ಬಂದದ್ದು, ಮಜೂರಿ ಪಾರಸಿಯದು. ಉರ್ದು ಶಾಲೆಯ ಬಾಗಿಲು ಹೊಕ್ಕವರಿಗೆ ತನ್‌ಖ್ವಾ ಗೊತ್ತು. ತನ್ ಎಂದರೆ ಶರೀರ, ಅದು ಬೇಡುವುದು ತನ್‌ಖ್ವಾ. ತುಂಡು ಲೆಕ್ಕದ ಕೂಲಿಗೆ ಉಜ್ರತ್ ಎನ್ನುತ್ತಾರೆ. ಅದರ ಅರಬಿ ಮೂಲವಾದ ಅಜ್ರ್ ಎಂಬ ಪದವೇ ಅಲ್ಲಾಹನು ಕೊಡುವ ಪ್ರತಿಫಲಕ್ಕೂ ಬಳಕೆಯಾಗುತ್ತದೆ. ಇನ್ನು ನಿಜಾಮರ ಹೈದರಾಬಾದಿನಲ್ಲಿ ನಿವೃತ್ತ ನೌಕರನನ್ನು ವಜೀಫಾಯಾಬ್ ಎಂದು ಕರೆಯುತ್ತಿದ್ದರು. ವಜೀಫಾ ಎಂದರೆ ಗೊತ್ತುಮಾಡಿದ್ದು, ತಪ್ಪದೆ ಬರುವುದು. ಇಳಕಲ್ಲು, ಗುಳೇದಗುಡ್ಡ, ಕಮತಗಿ, ಸೂಳೇಭಾವಿಗಳ ಕೈಮಗ್ಗದ ಮನೆಗಳಲ್ಲಿ ಮಜೂರಿ ಇದೆ, ಉಜ್ರತ್ ಇದೆ. ವಜೀಫಾ ಇಲ್ಲ. ಯಾಕಿಲ್ಲ ಎಂಬುದಕ್ಕೆ ಒಂದು ಇತಿಹಾಸವಿದೆ, ಅದು ಬಹುಮಟ್ಟಿಗೆ ಕಾಯ್ದೆಗಳು ತಲೆ ಎಣಿಸಿದ ಇತಿಹಾಸ.

ಮೊದಲು ಈ ಮಗ್ಗದ ಮನೆಯನ್ನು ಒಮ್ಮೆ ನೋಡೋಣ. ಇಳಕಲ್ ಸೀರೆಯ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆ ಕೊಂಡಿಯೇ ಈ ಸೀರೆಯ ಗುರುತು. 2007ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದಾಗ ಅದರ ಹಿಂದಿದ್ದದ್ದು ಇಂಥ ಕೈಚಳಕವೇ. ನೂಲು ಕೊಡುವವನು ಸಾವಕಾರ. ಕುಣಿಮಗ್ಗ ನೇಕಾರನ ಮನೆಯೊಳಗೆ. ಗಂಡ ನೇಯುತ್ತಿದ್ದರೆ ಹೆಂಡತಿ, ಮಕ್ಕಳು, ಮುದಿ ತಾಯಿ ಕಂಡಿಕೆ ಸುತ್ತುತ್ತಾರೆ. ಎಷ್ಟೋ ಮನೆಗಳಲ್ಲಿ ನೇಯುವವಳೇ ಹೆಂಡತಿ. ಮುಗಿದ ಸೀರೆ ಸಾವಕಾರನ ಮನೆಗೆ ಹೋಗುತ್ತದೆ. ಅವನು ಅದನ್ನು ಹರವಿ, ಬೆಳಕಿಗೆ ಹಿಡಿದು, ಎಳೆ ತಪ್ಪಿದ್ದರೆ ಕೂಲಿ ಮುರಿದುಕೊಂಡು, ಉಳಿದದ್ದನ್ನು ಕೊಡುತ್ತಾನೆ. ವಹಿಯಲ್ಲಿ ನೇಕಾರನ ಹೆಸರಿನ ಕೆಳಗೆ ಕೊಟ್ಟ ನೂಲು, ಬಂದ ಸೀರೆ, ಕೂಲಿ, ಮುಂಗಡ ದಾಖಲಾಗುತ್ತವೆ. ದೀಪಾವಳಿಗೆ ಹೊಸ ವಹಿ. ಹಳೆಯದರಿಂದ ಹೊಸದಕ್ಕೆ ಮುಂಗಡದ ಬಾಕಿ ದಾಟಿ ಬರುತ್ತದೆ, ದುಡಿದ ವರ್ಷಗಳು ದಾಟಿ ಬರುವುದಿಲ್ಲ.

ಈಗ ಕಾಯ್ದೆಗೆ ಬರೋಣ. 1881ರಲ್ಲಿ ಬ್ರಿಟಿಷರು ತಂದ ಮೊದಲ ಕಾರ್ಖಾನೆ ಕಾಯ್ದೆ ಯಂತ್ರಶಕ್ತಿ ಇರುವ, 100 ಜನ ದುಡಿಯುವ ಜಾಗಕ್ಕೆ ಮಾತ್ರ ಅನ್ವಯಿಸುತ್ತಿತ್ತು. 1891ರಲ್ಲಿ ಆ ಸಂಖ್ಯೆ 50ಕ್ಕೆ ಇಳಿಯಿತು, 1922ರಲ್ಲಿ 20ಕ್ಕೆ. ಸ್ವಾತಂತ್ರ್ಯದ ಮರುವರ್ಷ ಬಂದ 1948ರ ಕಾಯ್ದೆ ವಿದ್ಯುತ್ ಬಳಸುವಲ್ಲಿ 10, ಬಳಸದಲ್ಲಿ 20 ಎಂದಿತು. ಎಪ್ಪತ್ತು ವರ್ಷಗಳಲ್ಲಿ ನೂರರಿಂದ ಹತ್ತಕ್ಕೆ ಇಳಿದ ಈ ಮೆಟ್ಟಿಲುಗಳ ಹಿಂದೆ ಎಷ್ಟು ಮುಷ್ಕರ, ಎಷ್ಟು ಲಾಠಿಯೇಟು ಇದ್ದವೆಂಬುದನ್ನು ಮುಂಬಯಿಯ ಗಿರಣಿಗಳಿಗೆ ಹೋಗಿ ಬಂದ ನಮ್ಮ ಕಡೆಯ ಹಿರಿಯರು ಬಲ್ಲರು. ಆದರೂ ಹತ್ತರ ಮೆಟ್ಟಿಲಿನ ಕೆಳಗೆ ಇನ್ನೊಂದು ಮೆಟ್ಟಿಲಿತ್ತು. ಅಲ್ಲಿ ಮನೆ ಇತ್ತು, ಒಂದೇ ಮಗ್ಗ ಇತ್ತು. ಕಾಯ್ದೆ ಅಲ್ಲಿಗೆ ಇಳಿಯಲಿಲ್ಲ.

ಭವಿಷ್ಯನಿಧಿಯದೂ ಇದೇ ಬಗೆ. 1952ರ ಕಾಯ್ದೆ ಜಾರಿಯಾದಾಗ ಅದರ ವ್ಯಾಪ್ತಿಗೆ ಬಂದದ್ದು ಆರು ಉದ್ಯಮಗಳು. ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಉಕ್ಕು, ಕಾಗದ, ಆರನೆಯದು ಜವಳಿ. ಹತ್ತಿ, ರೇಷ್ಮೆ ಎರಡೂ ಸೇರಿದ ಜವಳಿ! ಅಂದರೆ ಮೊದಲ ದಿನದಿಂದಲೇ ನೇಯ್ಗೆಯ ಹೆಸರು ಆ ಪಟ್ಟಿಯಲ್ಲಿತ್ತು. ಆದರೆ 50 ಜನ ಇರಬೇಕಿತ್ತು. 1960ರ ಕೊನೆಗೆ ಅದು 20 ಆಯಿತು. ಮಾಲಕ ಮತ್ತು ಕೆಲಸಗಾರ ಇಬ್ಬರೂ ವೇತನದ ಶೇ. 6.25 ಕಟ್ಟುವಲ್ಲಿಂದ ಶುರುವಾಗಿ ಅದು ಶೇ. 12ರವರೆಗೆ ಏರಿತು. 1995ರ ನವೆಂಬರಿನಲ್ಲಿ ಪಿಂಚಣಿ ಯೋಜನೆ ಬಂದಾಗ ಮಾಲಕನ ಪಾಲಿನಿಂದಲೇ ಶೇ. 8.33 ಅದಕ್ಕೆ ಹೋಯಿತು. ಹತ್ತು ವರ್ಷ ಕಟ್ಟಿದವರಿಗೆ 58ರ ನಂತರ ಪಿಂಚಣಿ. ಲೆಕ್ಕ ಸರಳ: ಪಿಂಚಣಿಗೆ ಹಿಡಿಯುವ ವೇತನವನ್ನು ದುಡಿದ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 7,000 ರೂಪಾಯಿ ವೇತನಕ್ಕೆ 15 ವರ್ಷ ದುಡಿದವನಿಗೆ ತಿಂಗಳಿಗೆ 1,500. ದೊಡ್ಡ ಮೊತ್ತವೇನಲ್ಲ. ಆದರೆ ಅರವತ್ತೈದರಲ್ಲಿ ಕಣ್ಣು ಮಂಜಾಗಿ ಕೊಂಡಿ ಹಾಕಲಾಗದೆ ಕುಳಿತವನಿಗೆ, ಮಗನ ಕಡೆ ಕೈಚಾಚದೆ ಗುಳಿಗೆ ತರಿಸಿಕೊಳ್ಳುವಷ್ಟು.

ಇಲ್ಲಿ ಸಣ್ಣ ಮಾಲಕನ ಮಾತನ್ನೂ ಕೇಳಬೇಕು. ನಮ್ಮ ಪ್ರಗತಿಪರ ಬರಹಗಳಲ್ಲಿ ಸಾವಕಾರನೆಂದರೆ ಬಡ್ಡಿ ತಿನ್ನುವ ಹೊಟ್ಟೆಬಾಕ ಎಂದೇ ಚಿತ್ರ. ಅಂಥವರು ಇದ್ದಾರೆ. ಆದರೆ ಮೂರು ತಲೆಮಾರಿನಿಂದ ಹತ್ತು ಹದಿನೈದು ಮಗ್ಗಗಳಿಗೆ ನೂಲು ಕೊಟ್ಟುಕೊಂಡು, ಅಂಗಡಿಕಾರನಿಂದ ಆರು ತಿಂಗಳ ಉದ್ರಿಗೆ ಕಾಯ್ದು, ನೇಕಾರನಂತೆಯೇ ಸಾಲದಲ್ಲಿರುವವರೂ ಇದ್ದಾರೆ. ಕಾಯ್ದೆಯ ದೃಷ್ಟಿಯಲ್ಲಿ ಹತ್ತೊಂಬತ್ತು ಜನರ ಮಾಲಕನಿಗೆ ಏನೂ ಇಲ್ಲ, ಇಪ್ಪತ್ತನೆಯವನು ಬಂದ ದಿನ ಎಲ್ಲವೂ ಇದೆ. ನೋಂದಣಿ, ಪ್ರತಿ ತಿಂಗಳ ಚಲನ್, ತಡವಾದರೆ ಬಡ್ಡಿ ಮತ್ತು ದಂಡ. ಅಷ್ಟೇ ಅಲ್ಲ, ಒಮ್ಮೆ ಅನ್ವಯವಾದ ಮೇಲೆ ಜನ ಇಪ್ಪತ್ತಕ್ಕಿಂತ ಕಡಿಮೆಯಾದರೂ ಬಿಡುಗಡೆಯಿಲ್ಲ. ಹೀಗಾಗಿ ಸಣ್ಣ ಉದ್ಯಮದವರು ಕಲಿತ ಮೊದಲ ಪಾಠವೆಂದರೆ ಇಪ್ಪತ್ತನ್ನು ಮುಟ್ಟದಿರುವುದು. ಒಂದು ಶೆಡ್ಡು ತನ್ನ ಹೆಸರಲ್ಲಿ, ಪಕ್ಕದ್ದು ಹೆಂಡತಿಯ ಹೆಸರಲ್ಲಿ. ಇವನ್ನೆಲ್ಲ ಒಂದೇ ಸಂಸ್ಥೆಯೆಂದು ಕೂಡಿಸಿ ನೋಡುವ ಅಧಿಕಾರಕ್ಕೆ 1988ರ ತಿದ್ದುಪಡಿ ಬಲ ಕೊಟ್ಟಿತು. ಎಣಿಸುವವನಿಗೂ ಎಣಿಕೆ ತಪ್ಪಿಸುವವನಿಗೂ ನಡೆದ ಈ ಆಟದಲ್ಲಿ ಮನೆಯ ಮಗ್ಗ ಎಲ್ಲಕ್ಕಿಂತ ಸುರಕ್ಷಿತ ಜಾಗವಾಯಿತು, ಸಾವಕಾರನಿಗೆ.

ಸಹಕಾರ ಸಂಘಗಳಾದರೂ ದಾರಿ ತೋರಬಹುದಿತ್ತು. ನಮ್ಮ ನೆರೆಯ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶಕ್ಕೇ ಮೊದಲೆನ್ನುವ ಸಹಕಾರ ಸಂಘ ಕಟ್ಟಿದ ಸೀಮೆಯಿದು. ನೇಕಾರರ ಸಂಘಗಳು ಹುಟ್ಟಿದವು, 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ಬಂತು. ಆದರೆ ಭವಿಷ್ಯನಿಧಿ ಕಾಯ್ದೆಯ 16ನೆಯ ಕಲಮು, 50ಕ್ಕಿಂತ ಕಡಿಮೆ ಜನರಿರುವ, ವಿದ್ಯುತ್ ಬಳಸದ ಸಹಕಾರ ಸಂಘಗಳನ್ನು ಹೊರಗಿಟ್ಟಿತು. ಬಡ ಸಂಘಕ್ಕೆ ಹೊರೆಯಾಗಬಾರದೆಂಬ ಕರುಣೆ ಅದು. ಕರುಣೆಯ ಬೆಲೆಯನ್ನು ತೆತ್ತವನು ನೇಕಾರ.

ಮನೆಯೊಳಗಿನ ದುಡಿಮೆಗೆ ಕಾಯ್ದೆ ಕಾಲಿಡುವುದು ಸಾಧ್ಯವೇ ಇರಲಿಲ್ಲವೇ? ಸಾಧ್ಯವಿತ್ತು. ಸಾಕ್ಷಿ ನಮ್ಮದೇ ರಾಜ್ಯದ ಕರಾವಳಿಯಲ್ಲಿದೆ, ಬೀಡಿಯಲ್ಲಿ. ಬ್ಯಾರಿ, ಬಿಲ್ಲವ ಮನೆಗಳ ಹೆಂಗಸರು ಅಂಗಳದಲ್ಲಿ ಕುಳಿತು ಕಟ್ಟಿದ ಬೀಡಿಯ ವ್ಯವಹಾರವೂ ಇಳಕಲ್ಲಿನದೇ ತರಹ. ಎಲೆ, ತಂಬಾಕು ಕೊಡುವುದು ಕಂಪನಿಯ ಕಂಟ್ರಾಕ್ಟುದಾರ, ಕಟ್ಟುವುದು ಮನೆಯಲ್ಲಿ, ಕೂಲಿ ಸಾವಿರದ ಲೆಕ್ಕದಲ್ಲಿ. 1958ರಲ್ಲಿ ಸುಪ್ರೀಂ ಕೋರ್ಟು, ಬೀಡಿ ಮಾಡಿಸಿ ತಂದುಕೊಡುವ ಸಟ್ಟೇದಾರರು ಸ್ವತಂತ್ರ ಗುತ್ತಿಗೆದಾರರು, ಕಾರ್ಖಾನೆಯ ಕೆಲಸಗಾರರಲ್ಲ ಎಂದಿತ್ತು. 1966ರಲ್ಲಿ ಸಂಸತ್ತು ಬೀಡಿ ಸಿಗಾರ್ ಕಾರ್ಮಿಕರಿಗೆಂದೇ ಕಾಯ್ದೆ ಮಾಡಿ, ಮನೆಯಲ್ಲಿ ಕಟ್ಟುವವಳನ್ನೂ ನೌಕರಳೆಂದು ಕರೆಯಿತು. ಬೀಡಿ ಮಾಲಕರು ಇದನ್ನು ಪ್ರಶ್ನಿಸಿದರು. ಮಂಗಳೂರು ಗಣೇಶ ಬೀಡಿಯ ಹೆಸರಿನಲ್ಲೇ ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿಗೆ ಭವಿಷ್ಯನಿಧಿ ಅನ್ವಯವಾಯಿತು. 1985ರಲ್ಲಿ ಪಿ.ಎಂ. ಪಟೇಲ್ ಮೊಕದ್ದಮೆಯಲ್ಲಿ ಕೋರ್ಟು ಇನ್ನೂ ಸ್ಪಷ್ಟವಾಗಿ ಹೇಳಿತು: ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕು. ಮಾಲಕ ಪಕ್ಕದಲ್ಲಿ ನಿಂತು ಕೆಲಸ ನೋಡಬೇಕಿಲ್ಲ. ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಅವನ ಹಕ್ಕಿನಲ್ಲೇ ಹತೋಟಿ ಇದೆ.

ಈ ಕೊನೆಯ ವಾಕ್ಯವನ್ನು ಇಳಕಲ್ಲಿನ ಸಾವಕಾರನ ಪಡಸಾಲೆಯಲ್ಲಿ ನಿಂತು ಓದಿಕೊಳ್ಳಬೇಕು. ಸೀರೆಯನ್ನು ಹರವಿ ಬೆಳಕಿಗೆ ಹಿಡಿಯುವ ಆ ಕೈ ಇನ್ನೇನು ಮಾಡುತ್ತಿದೆ? 1973ರಲ್ಲೇ ಆಂಧ್ರದ ದರ್ಜಿಗಳ ಮೊಕದ್ದಮೆಯಲ್ಲಿ, ತುಂಡಿನ ಲೆಕ್ಕದಲ್ಲಿ ಹೊಲಿಯುವವರೂ ನೌಕರರೇ ಎಂದು ಇದೇ ತರ್ಕದಿಂದ ತೀರ್ಪು ಬಂದಿತ್ತು. 1972ರ ಗ್ರಾಚ್ಯುಯಿಟಿ ಕಾಯ್ದೆಗೂ ತುಂಡು ಕೂಲಿ ಗೊತ್ತಿತ್ತು; ಕೊನೆಯ ಮೂರು ತಿಂಗಳ ಗಳಿಕೆಯ ಸರಾಸರಿ ಹಿಡಿಯಿರಿ ಎನ್ನುತ್ತಿತ್ತು. ಹಾಗಾದರೆ ಕೈಮಗ್ಗಕ್ಕೆ ತೊಡಕೇನಿತ್ತು? ಬೀಡಿಯಲ್ಲಿ ಕೆಲವೇ ದೊಡ್ಡ ಕಂಪನಿಗಳು, ಬಂಡಲಿನ ಮೇಲೆ ಹೆಸರು, ಹಿಡಿಯಬೇಕೆಂದರೆ ಹಿಡಿಯಲು ಮಾಲಕನಿದ್ದ. ಸೀರೆಯ ಮೇಲೆ ಸಾವಕಾರನ ಹೆಸರಿಲ್ಲ. ಒಬ್ಬನ ಬಳಿ ಎಂಟು ಮಗ್ಗ, ಇನ್ನೊಬ್ಬನ ಬಳಿ ಹದಿನೈದು. ಕೆಲವು ವಹಿಗಳಲ್ಲಂತೂ ನೂಲು ಮಾರಿದಂತೆ, ಸೀರೆ ಕೊಂಡಂತೆ ಬರೆದಿರುತ್ತದೆ. ಅಲ್ಲಿ ಮಾಲಕನೂ ಇಲ್ಲ ನೌಕರನೂ ಇಲ್ಲ, ಇಬ್ಬರು ವ್ಯಾಪಾರಿಗಳು ಮಾತ್ರ! ಬೀಡಿಯವರಿಗೆ ಇದ್ದ ಇನ್ನೊಂದು ಬಲ ಸಂಘಟನೆ. ಸೊಂಟಕ್ಕೆ ಕೆಂಪು ಬಾವುಟ ಸಿಕ್ಕಿಸಿಕೊಂಡು ಮೆರವಣಿಗೆ ಬಂದ ಹೆಂಗಸರು ಇಲ್ಲದಿದ್ದರೆ ಆ ತೀರ್ಪುಗಳು ಕಾಗದದಲ್ಲೇ ಉಳಿಯುತ್ತಿದ್ದವು.

ಬೀಡಿಯ ಕಥೆಗೆ ಕಹಿಯಾದ ಇನ್ನೊಂದು ಅಧ್ಯಾಯವೂ ಇದೆ. 1966ರ ಕಾಯ್ದೆಯನ್ನು ಕೇರಳ ಸರಕಾರ ಕಟ್ಟುನಿಟ್ಟಾಗಿ ಜಾರಿಮಾಡಲು ಹೊರಟಾಗ ಗಣೇಶ ಬೀಡಿ ಸಂಸ್ಥೆ 1968ರ ಅಕ್ಟೋಬರಿನಲ್ಲಿ ಕಣ್ಣೂರಿನ ತನ್ನ ಘಟಕಗಳನ್ನು ಮುಚ್ಚಿತು. ಸುಮಾರು 12,000 ಜನ ಬೀದಿಗೆ ಬಿದ್ದರು. ಗಡಿಯ ಈಚೆಗೆ ಮನೆಗೆಲಸದ ಪದ್ಧತಿ ಅಬಾಧಿತವಾಗಿತ್ತು. ಅಲ್ಲಿನ ಕೆಲಸಗಾರರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿ, ಭವಿಷ್ಯನಿಧಿ, ಗ್ರಾಚ್ಯುಯಿಟಿಗಳ ಜೊತೆಗೆ ತಮ್ಮದೇ ಪಿಂಚಣಿಯನ್ನೂ ಕೊಡುವಷ್ಟು ಬೆಳೆದರು. ಒಂದು ಕಡೆ ಕಾಯ್ದೆ ಬಿಗಿಯಾಗಿ ಪಕ್ಕದಲ್ಲಿ ಸಡಿಲವಾಗಿದ್ದರೆ ಕೆಲಸ ಸಡಿಲವಿದ್ದ ಕಡೆ ಹರಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಸರಕಾರ ಕೈಮಗ್ಗದವರಿಗೆ ಏನೂ ಮಾಡಲಿಲ್ಲವೆನ್ನುವುದು ಸುಳ್ಳು. ಸಂಘ ಮತ್ತು ನಿಗಮಗಳ ನೇಕಾರರಿಗೆ ಉಳಿತಾಯ ನಿಧಿಯೊಂದು ಬಂತು. ಗಳಿಸಿದ ಪ್ರತಿ ರೂಪಾಯಿಗೆ ನೇಕಾರ 8 ಪೈಸೆ ಹಾಕಿದರೆ ಕೇಂದ್ರ 4, ರಾಜ್ಯ 4 ಪೈಸೆ ಹಾಕುತ್ತಿದ್ದವು. ಈ ಲೆಕ್ಕವನ್ನು ನಿಧಾನವಾಗಿ ನೋಡಿ. ನೇಕಾರನಿದ್ದಾನೆ, ಎರಡು ಸರಕಾರಗಳಿವೆ. ಸೀರೆಯಿಂದ ಲಾಭ ಪಡೆದ ವ್ಯಾಪಾರಿ ಇಲ್ಲ. ಸಾವಕಾರನ ನೂಲು ನೇಯುವ ಮನೆಗಳು ಇದರ ಹತ್ತಿರಕ್ಕೂ ಬರಲಿಲ್ಲ. ಮುಂದೆ ವಿಮೆ ಬಂತು, 2007ರಲ್ಲಿ ಸಂಧ್ಯಾ ಸುರಕ್ಷೆ ಬಂತು, 2015ರಲ್ಲಿ ಅಟಲ್ ಪಿಂಚಣಿ, 2020ರಲ್ಲಿ ವರ್ಷಕ್ಕೆ 2,000 ರೂಪಾಯಿಯ ನೇಕಾರ ಸಮ್ಮಾನ್. ಎಲ್ಲವೂ ಸರಕಾರ ಕೊಡುವುದು, ಇಲ್ಲವೇ ನೇಕಾರನೇ ಕಟ್ಟಿಕೊಳ್ಳುವುದು. ಅರ್ಜಿ, ಪ್ರಮಾಣಪತ್ರ, ಕಚೇರಿಯ ಮೆಟ್ಟಿಲು.

ಎರಡನೆಯ ಖಲೀಫರಾದ ಹಜ್ರತ್ ಉಮರ್ ಅವರ ಪ್ರಸಂಗವೊಂದನ್ನು ಇಮಾಮ್ ಅಬೂ ಯೂಸುಫರು ಕಂದಾಯ ಕುರಿತ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಕಣ್ಣು ಕಾಣದ ಯಹೂದಿ ಮುದುಕನೊಬ್ಬ ಬೇಡುತ್ತಿದ್ದುದನ್ನು ಕಂಡು ಖಲೀಫರು ಅವನ ಮೇಲಿನ ತೆರಿಗೆ ಮನ್ನಾ ಮಾಡಿ ಬೈತುಲ್ ಮಾಲ್‌ನಿಂದ ಮಾಸಾಶನ ಗೊತ್ತುಮಾಡಿದರು. ಪ್ರಾಯದಲ್ಲಿ ಅವನ ದುಡಿಮೆಯಿಂದ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲ ಎಂಬುದು ಅವರು ಕೊಟ್ಟ ಕಾರಣ. ನಮ್ಮ ಭಾಷಣಕಾರರು ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿಯವರ ಬೋಧನೆಯನ್ನು ಹೇಳುತ್ತಲೇ ಇರುತ್ತಾರೆ. ಈ ಪ್ರಸಂಗವನ್ನು ಅಷ್ಟಾಗಿ ಹೇಳುವುದಿಲ್ಲ. ಅದರಲ್ಲಿರುವುದು ದಾನದ ಮಾತಲ್ಲ, ದುಡಿಮೆಯಿಂದ ಪಡೆದವನ ಹೊಣೆಯ ಮಾತು.

2025ರ ನವೆಂಬರ್ 21ರಂದು ಹಳೆಯ 29 ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ಭತ್ಯೆಗಳ ಹೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಗಾರವನ್ನು ಹೊರಗಿಟ್ಟರೆ ಹೆಚ್ಚಾದದ್ದು ವೇತನವೇ ಆಗುತ್ತದೆ. ನಿಗದಿತ ಅವಧಿಗೆ ನೇಮಿಸಿದವನಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಯಿಟಿ ಹಕ್ಕು. ಪಟ್ಟಣದ ಸಣ್ಣ ಅಂಗಡಿ, ಆಸ್ಪತ್ರೆ, ಗ್ರಾನೈಟ್ ಘಟಕಗಳ ಲೆಕ್ಕಿಗರಿಗೆ ಇವೆಲ್ಲ ಹೊಸ ತಲೆನೋವು. ಆದರೆ ಕಾರ್ಖಾನೆಯೆನ್ನಲು ಬೇಕಾದ ಸಂಖ್ಯೆ ಮತ್ತೆ ಮೇಲೇರಿದೆ. ವಿದ್ಯುತ್ ಇದ್ದಲ್ಲಿ 20, ಇಲ್ಲದಲ್ಲಿ 40. ನೂರರಿಂದ ಹತ್ತಕ್ಕೆ ಇಳಿಯಲು ಹಿಡಿದ ಹಾದಿಯಲ್ಲಿ ಒಂದು ಹೆಜ್ಜೆ ಹಿಂದೆ. ಭವಿಷ್ಯನಿಧಿಯ 20 ಹಾಗೆಯೇ ಉಳಿದಿದೆ. ಮನೆಯಲ್ಲಿ ಕುಳಿತು ಮಾಲಕನೊಬ್ಬನಿಗಾಗಿ ಸರಕು ತಯಾರಿಸುವವರಿಗೆ ಸಂಹಿತೆಯಲ್ಲಿ ವ್ಯಾಖ್ಯೆಯೇನೋ ಇದೆ. ಮಾಲಕನೊಬ್ಬನಿದ್ದಾನೆಂದು ಆ ವ್ಯಾಖ್ಯೆಯೇ ಒಪ್ಪುತ್ತದೆ. ಒಪ್ಪಿದ ಮೇಲೆ ಅವರನ್ನು ಅಸಂಘಟಿತರ ಸಾಲಿಗೆ ಸೇರಿಸಿ ಸರಕಾರದ ಯೋಜನೆಗಳಿಗೆ ಬಿಟ್ಟುಕೊಡುತ್ತದೆ.

ಹಾಗಾದರೆ ದಾರಿ ಯಾವುದು? ತಲೆ ಎಣಿಸುವುದನ್ನು ಬಿಟ್ಟು ಸರಕನ್ನು ಎಣಿಸುವುದು. ಇದು ನನ್ನ ಕಲ್ಪನೆಯಲ್ಲ. 1976ರ ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಸಾವಿರ ಬೀಡಿಗೆ ಇಷ್ಟು ಎಂದೇ ವಸೂಲಾಗುತ್ತಿತ್ತು. ಕಟ್ಟಿದವರು ಹತ್ತು ಜನವೋ ಹತ್ತು ಸಾವಿರವೋ ಎಂದು ಯಾರೂ ಕೇಳಬೇಕಿರಲಿಲ್ಲ. ಜಿಎಸ್‌ಟಿ ಬಂದ 2017ರಲ್ಲಿ ಅದನ್ನು ರದ್ದುಮಾಡಿದ್ದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮಹಾರಾಷ್ಟ್ರ 1969ರ ಮಾಥಾಡಿ ಕಾಯ್ದೆಯಿಂದ, ದಿನಕ್ಕೊಬ್ಬ ಮಾಲಕನ ಮೂಟೆ ಹೊರುವ ಹಮಾಲರಿಗೂ ಮಂಡಳಿಯ ಮೂಲಕ ಭವಿಷ್ಯನಿಧಿ ಒದಗಿಸಿತು. ನಮ್ಮ ಕರ್ನಾಟಕವೇ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿ, ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ಪಡೆಯುವ ಏರ್ಪಾಟು ಮಾಡಿತು. ಪ್ರತಿ ಡೆಲಿವರಿಯನ್ನು ಎಣಿಸಬಲ್ಲ ಸರಕಾರಕ್ಕೆ ಪ್ರತಿ ಸೀರೆಯನ್ನು ಎಣಿಸುವುದು ಕಷ್ಟವೇ? ನೂಲಿಗೂ ಬಟ್ಟೆಗೂ ಈಗಾಗಲೇ ತೆರಿಗೆಯ ಬಿಲ್ಲು ಇದೆ. ಶುಲ್ಕವನ್ನು ಸಗಟು ಖರೀದಿಯ ಹಂತದಲ್ಲಿ ಹಿಡಿದು ನೇಕಾರನ, ಕಂಡಿಕೆ ಸುತ್ತುವವಳ ಹೆಸರಿನ ಖಾತೆಗೆ ಹಾಕಿದರೆ ಎಂಟು ಮಗ್ಗದ ಸಾವಕಾರನಿಗೆ ಚಲನ್ನಿನ ಕಾಟವೂ ಇಲ್ಲ, ಇಪ್ಪತ್ತರ ಭಯವೂ ಇಲ್ಲ.

ಸಣ್ಣ ಸಾವಕಾರರು ಇದಕ್ಕೆ ಎತ್ತುವ ಆಕ್ಷೇಪ ನ್ಯಾಯವಾದದ್ದು. ಕೈಮಗ್ಗದ ಸೀರೆಗೆ ಮಾತ್ರ ಶುಲ್ಕ ಹಾಕಿದರೆ, ಮೊದಲೇ ಅಗ್ಗವಾಗಿರುವ ಪವರ್‌ಲೂಮಿನ ನಕಲು ಇನ್ನಷ್ಟು ಅಗ್ಗವಾಗಿ ಕಣ್ಣೂರಿನ ಕಥೆ ಇಲ್ಲಿ ಮರುಕಳಿಸುತ್ತದೆ. ಕೈಮಗ್ಗಕ್ಕೆಂದು ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯ್ದೆಯನ್ನು ಪವರ್‌ಲೂಮುಗಳು ಎಷ್ಟು ಪಾಲಿಸಿದವು ಎಂಬುದು ಅಂಗಡಿ ಹೊಕ್ಕವರಿಗೆಲ್ಲ ಗೊತ್ತು. ಆದ್ದರಿಂದ ಶುಲ್ಕ ಮಗ್ಗದ ಮೇಲೆ ಇರಬಾರದು. ಇಳಕಲ್ ಎಂಬ ಹೆಸರು ಹೇಳಿ ಮಾರಾಟವಾಗುವ ಪ್ರತಿ ಸೀರೆಯ ಮೇಲೆ ಇರಬೇಕು, ಅದು ಇಳಕಲ್ಲಿನ ಕುಣಿಮಗ್ಗದಲ್ಲಿ ಹುಟ್ಟಿರಲಿ, ಎಲ್ಲೋ ದೂರದ ಶೆಡ್ಡಿನಲ್ಲಿ ಹುಟ್ಟಿರಲಿ.